ಪುದೀನಾ ಜಜ್ಜಿದರೆ ಕಹಿ ಯಾಕೆ? ಕೈತೋಟದ ಸೊಪ್ಪಿನ ಕಾಕ್‌ಟೇಲ್ ಹಿಂದಿನ ಲೆಕ್ಕಾಚಾರ

ಬೇಸಿಗೆ ಶುರುವಾಗುವ ಹೊತ್ತಿಗೆ ಕುಂಡದ ಪುದೀನಾ ಅಂಚು ದಾಟಿ ಕೆಳಗೆ ಇಳಿಬಿದ್ದಿರುತ್ತದೆ. ಬೇಸಿಲ್ ಗಿಡ ಪೊದೆಯಾಗಿರುತ್ತದೆ. ಇಷ್ಟೊಂದು ಸೊಪ್ಪನ್ನು ಏನು ಮಾಡೋದು ಅಂತ ಯೋಚಿಸುತ್ತಿರುವಾಗ, ಐಸ್ ತುಂಬಿದ ಗ್ಲಾಸಿನಲ್ಲಿ ಹಸಿರು ಎಲೆ ತೇಲುತ್ತಿರುವ ಚಿತ್ರ ಎಲ್ಲೋ ಕಣ್ಣಿಗೆ ಬೀಳುತ್ತದೆ. ಮನೆಯಲ್ಲೇ ಒಂದು ಕಾಕ್‌ಟೇಲ್ ಮಾಡಿ ನೋಡೋಣ ಅನ್ನಿಸುತ್ತದೆ.

ಆಗ ಹೆಚ್ಚಿನವರು ಒಂದು ಹಿಡಿ ಎಲೆಯನ್ನು ಗ್ಲಾಸಿಗೆ ಹಾಕಿ ಚೆನ್ನಾಗಿ ಜಜ್ಜುತ್ತಾರೆ. ಜಾಸ್ತಿ ಜಜ್ಜಿದಷ್ಟೂ ಜಾಸ್ತಿ ಪರಿಮಳ ಅಂದುಕೊಳ್ಳುವುದು ಸಹಜ, ಅಲ್ವಾ? ಆದರೆ ಸಿಗುವುದು ಹುಲ್ಲಿನ ವಾಸನೆಯ, ನಾಲಿಗೆಯ ಹಿಂಭಾಗದಲ್ಲಿ ಉಳಿದುಬಿಡುವ ಕಹಿ. ನಾನು ಮಾಡಿದ ಮೊದಲ ಗ್ಲಾಸೂ ಹೀಗೇ ಇತ್ತು. ಎಲೆಯಲ್ಲಿ ದೋಷ ಇರಲಿಲ್ಲ. ಎಲೆಯ ಯಾವ ಭಾಗ ಬೇಕು, ಯಾವುದು ಬೇಡ ಅನ್ನುವುದು ಗೊತ್ತಿರಲಿಲ್ಲ.

ಪಾಕವಿಧಾನಗಳು ಎಲ್ಲೆಡೆ ಸಿಗುತ್ತವೆ. ‘ಎಲೆಯನ್ನು ಅಂಗೈಯಲ್ಲಿ ತಟ್ಟಿ’, ‘ಸೋಡಾ ಕೊನೆಗೆ ಹಾಕಿ’, ‘ಗ್ಲಾಸ್ ತುಂಬ ಐಸ್ ಹಾಕಿ’ ಅಂತ ಅವು ಹೇಳುತ್ತವೆ. ಯಾಕೆ ಅಂತ ಹೇಳುವುದು ಕಡಿಮೆ. ಕಾರಣ ತಿಳಿದರೆ ಅಳತೆಯ ಚೀಟಿ ಇಲ್ಲದೆಯೂ ನಿಮ್ಮ ಕುಂಡದಲ್ಲಿ ಇರುವ ಸೊಪ್ಪಿನಿಂದ ಒಳ್ಳೆಯ ಪಾನೀಯ ಮಾಡಬಹುದು.

## ಮೊದಲು, ಕಾಕ್‌ಟೇಲ್ ಅಂದರೆ ಏನು?

1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಒಂದು ಪತ್ರಿಕೆ ಈ ಪದಕ್ಕೆ ಅರ್ಥ ಕೊಟ್ಟಿತ್ತು. ಯಾವುದಾದರೂ ಗಟ್ಟಿ ಮದ್ಯ, ಸಕ್ಕರೆ, ನೀರು ಮತ್ತು ಕಹಿ ಬೇರು-ತೊಗಟೆಗಳ ಸಾರ ಸೇರಿದ ಪಾನೀಯ ಅಂತ. ಇಂದು ಪದದ ಅರ್ಥ ಹಿಗ್ಗಿದೆ. ಎರಡು-ಮೂರು ಪದಾರ್ಥ ಬೆರೆಸಿದ ಮದ್ಯದ ಪಾನೀಯಕ್ಕೆಲ್ಲ ಕಾಕ್‌ಟೇಲ್ ಅನ್ನುತ್ತೇವೆ. ಮದ್ಯ ಇಲ್ಲದಿದ್ದರೆ ಮಾಕ್‌ಟೇಲ್.

ಆ ಹಳೆಯ ಪಟ್ಟಿಯಲ್ಲಿ ಗಮನಿಸಬೇಕಾದ ಪದ ನೀರು. ನೀರು ಅಲ್ಲಿ ಕಲಬೆರಕೆಯಲ್ಲ, ಒಂದು ಪದಾರ್ಥ. ಐಸ್ ವಿಷಯಕ್ಕೆ ಬಂದಾಗ ಇದು ಮತ್ತೆ ಬರುತ್ತದೆ.

ಬೇಸಿಗೆಯ ಕಾಕ್‌ಟೇಲ್‌ನಲ್ಲಿ ಸಾಮಾನ್ಯವಾಗಿ ಐದು ಅಂಶ ಇರುತ್ತವೆ: ಮದ್ಯ, ಹುಳಿ, ಸಿಹಿ, ತಣ್ಣನೆಯ ನೀರು, ಪರಿಮಳ. ಮೊದಲ ನಾಲ್ಕನ್ನು ಅಳೆಯಬಹುದು. ಐದನೆಯದನ್ನು ಅಳೆಯಲು ಬರುವುದಿಲ್ಲ. ಸೊಪ್ಪಿನ ಕೆಲಸ ಇರುವುದು ಅಲ್ಲೇ.

## ಪರಿಮಳ ಎಲೆಯಲ್ಲಿ ಎಲ್ಲಿ ಕೂತಿದೆ?

ಒಂದು ಪುದೀನಾ ಎಲೆ ಕಿತ್ತು, ಮುಟ್ಟದೆ ಮೂಸಿ ನೋಡಿ. ವಾಸನೆ ಬಹಳ ಮಂದ. ಈಗ ಬೆರಳಿನಿಂದ ಮೆಲ್ಲಗೆ ಉಜ್ಜಿ. ಕೋಣೆಯೆಲ್ಲ ಘಮ. ಈ ಎರಡರ ನಡುವೆ ಆಗಿದ್ದೇನು?

ಪುದೀನಾ, ಬೇಸಿಲ್, ರೋಸ್ಮರಿ, ಥೈಮ್ ಎಲ್ಲ ಒಂದೇ ಕುಟುಂಬದ ಗಿಡಗಳು. ತುಳಸಿಯೂ ಅದೇ ಕುಟುಂಬ. ಇವುಗಳ ಎಲೆಯ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಗುಳ್ಳೆಗಳಿರುತ್ತವೆ. ಒಂದೊಂದು ಗುಳ್ಳೆಯೂ ತೆಳುವಾದ ಪೊರೆಯೊಳಗೆ ಸುಗಂಧದ ಎಣ್ಣೆ ತುಂಬಿಕೊಂಡ ಪುಟ್ಟ ಚೀಲ. ಸಾಮಾನು ಒಡೆಯದಂತೆ ಸುತ್ತುವ, ಗಾಳಿ ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ನೆನಪಿಸಿಕೊಳ್ಳಿ. ಗುಳ್ಳೆ ಒಡೆಯಲು ಬೆರಳಿನ ಒಂದು ಒತ್ತು ಸಾಕು. ಹಾಳೆ ಹರಿಯಬೇಕಿಲ್ಲ.

ನಮಗೆ ಬೇಕಾದದ್ದು ಈ ಮೇಲ್ಮೈಯ ಎಣ್ಣೆ. ಎಲೆಯ ಒಳಗಿನ ಜೀವಕೋಶಗಳ ರಸ ಬೇರೆ ವಸ್ತು. ಅದರಲ್ಲಿ ಕಹಿ ಮತ್ತು ಒಗರು ಕೊಡುವ ಪಾಲಿಫಿನಾಲ್‌ಗಳಿವೆ. ಎಲೆಯನ್ನು ಅರೆದಾಗ ಕೋಶಗಳು ಹರಿದು ಅವೆಲ್ಲ ಹೊರಗೆ ಬರುತ್ತವೆ. ಜೊತೆಗೆ ಇನ್ನೊಂದು ಕೆಲಸವೂ ಆಗುತ್ತದೆ. ಹುಲ್ಲು ಕತ್ತರಿಸಿದಾಗ ಬರುವ ಹಸಿ ವಾಸನೆ ಗೊತ್ತಲ್ಲ? ಆ ವಾಸನೆಯ ವಸ್ತು ಎಲೆಯಲ್ಲಿ ಮೊದಲೇ ಇರುವುದಿಲ್ಲ. ಎಲೆಗೆ ಗಾಯವಾದಾಗ ಒಳಗಿನ ಕಿಣ್ವಗಳು ಎಲೆಯ ಕೊಬ್ಬಿನಂಶವನ್ನು ಒಡೆದು ಅದನ್ನು ಆ ಕ್ಷಣದಲ್ಲೇ ತಯಾರಿಸುತ್ತವೆ. ಕಿಣ್ವ ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್. ಪುದೀನಾ ಕಾಕ್‌ಟೇಲ್ ಲಾನ್ ಥರ ನಾತ ಬರುವುದು ಇದರಿಂದಲೇ.

ಮೂರನೆಯದು ಬಣ್ಣ. ಕತ್ತರಿಸಿಟ್ಟ ಸೇಬು ಕಂದಾಗುವಂತೆ, ಜಜ್ಜಿದ ಪುದೀನಾ ಮತ್ತು ಬೇಸಿಲ್ ಕೂಡ ಕಪ್ಪಾಗುತ್ತವೆ. ಎರಡಕ್ಕೂ ಕಾರಣ ಒಂದೇ ಕಿಣ್ವ, ಗಾಳಿಯ ಆಮ್ಲಜನಕ ಸಿಕ್ಕ ಕೂಡಲೇ ಅದು ಕೆಲಸ ಶುರುಮಾಡುತ್ತದೆ. ಗಟ್ಟಿ ಮದ್ಯ ಮತ್ತು ನಿಂಬೆಯ ಹುಳಿ ಎರಡೂ ಈ ಕಿಣ್ವವನ್ನು ತಡೆಯುತ್ತವೆ. ಆದ್ದರಿಂದ ಎಲೆಯನ್ನು ಖಾಲಿ ಗ್ಲಾಸಿನಲ್ಲಿ ಒತ್ತುವುದಕ್ಕಿಂತ, ನಿಂಬೆರಸವೋ ಮದ್ಯವೋ ಜೊತೆಗಿದ್ದಾಗ ಒತ್ತುವುದು ಮೇಲು.

ಹಾಗಾದರೆ ‘ಅಂಗೈಯಲ್ಲಿ ತಟ್ಟಿ’ ಅನ್ನುವುದು ಬರೀ ತೋರಿಕೆಯಲ್ಲ. ಒಂದು ತಟ್ಟಿಗೆ ಗುಳ್ಳೆಗಳು ಒಡೆಯುತ್ತವೆ, ಎಲೆ ಹರಿಯುವುದಿಲ್ಲ. ಕೆಲಸ ಮುಗಿಯಿತು.

## ಮದ್ಯ ಮತ್ತು ನೀರು ಪರಿಮಳವನ್ನು ಒಂದೇ ರೀತಿ ಹಿಡಿಯುವುದಿಲ್ಲ

ಎಣ್ಣೆ ಅಂಟಿದ ಪಾತ್ರೆಯನ್ನು ಬರೀ ತಣ್ಣೀರಲ್ಲಿ ತೊಳೆದರೆ ಜಿಡ್ಡು ಹೋಗುವುದಿಲ್ಲ. ಎಲೆಯ ಸುಗಂಧವೂ ಒಂದು ಬಗೆಯ ಎಣ್ಣೆಯೇ, ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಅತ್ತರಿಗಿಂತ ಭಿನ್ನವಾಗಿ ಹೆಚ್ಚಿನ ಸೆಂಟುಗಳನ್ನು ಆಲ್ಕೋಹಾಲ್‌ನಲ್ಲಿ ತಯಾರಿಸುವುದು ಇದೇ ಕಾರಣಕ್ಕೆ. ಕಾಕ್‌ಟೇಲ್‌ನಲ್ಲಿ ಮದ್ಯ ಅಮಲಿನ ಜೊತೆಗೆ ಈ ಕೆಲಸವನ್ನೂ ಮಾಡುತ್ತದೆ: ಎಲೆಯಿಂದ ಎಣ್ಣೆಯನ್ನು ಎಳೆದುಕೊಂಡು ಗ್ಲಾಸಿನ ತುಂಬ ಹರಡುತ್ತದೆ.

ತೊಂದರೆ ಏನೆಂದರೆ, ಮದ್ಯಕ್ಕೆ ಆಯ್ಕೆ ಗೊತ್ತಿಲ್ಲ. ಎಲೆಯ ಹಸಿರು ಬಣ್ಣವನ್ನೂ ಅದು ಎಳೆಯುತ್ತದೆ, ಹೊತ್ತು ಕಳೆದಂತೆ ಕಹಿಯನ್ನೂ ಎಳೆಯುತ್ತದೆ. ಟೀ ಸೊಪ್ಪನ್ನು ಮೂರು ನಿಮಿಷ ನೆನೆಸಿದರೆ ಘಮ, ಮರೆತು ಅರ್ಧ ಗಂಟೆ ಬಿಟ್ಟರೆ ಒಗರು. ಸೊಪ್ಪನ್ನು ಮದ್ಯದ ಬಾಟಲಿಯಲ್ಲಿ ನೆನೆಹಾಕುವವರು ಈ ಹೋಲಿಕೆ ಮರೆಯಬಾರದು. ಮೆತ್ತನೆಯ ಎಲೆಗೆ ಕೆಲವು ಗಂಟೆ ಧಾರಾಳ. ಆಗಾಗ ರುಚಿ ನೋಡುತ್ತ, ಸರಿ ಅನ್ನಿಸಿದ ಕೂಡಲೇ ಎಲೆ ತೆಗೆದುಬಿಡಬೇಕು.

## ಪುದೀನಾ ನಿಜವಾಗಿ ತಂಪು ಮಾಡುತ್ತದೆಯೇ?

ಬಾಯಿಯ ಉಷ್ಣತೆ ಅದರಿಂದ ಇಳಿಯುವುದಿಲ್ಲ. ಆದರೆ ತಂಪು ಅನ್ನಿಸುವುದು ಭ್ರಮೆಯೂ ಅಲ್ಲ.

ನಮ್ಮ ಬಾಯಿ ಮತ್ತು ಚರ್ಮದ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಅದರ ಹೆಸರು ಟಿಆರ್‌ಪಿಎಂ8. ಅದನ್ನು ಬಾಗಿಲು ಅಂತ ಭಾವಿಸಿ. ಉಷ್ಣತೆ ಸುಮಾರು 25ರಿಂದ 28 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಬಾಗಿಲು ತೆರೆದು ‘ತಣ್ಣಗಾಗುತ್ತಿದೆ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಮೆಂಥಾಲ್ ಎಂಬ ವಸ್ತುವಿನ ಬಳಿ ಈ ಬಾಗಿಲಿನ ಕಳ್ಳ ಕೀಲಿ ಇದೆ. ಚಳಿ ಇಲ್ಲದೆಯೂ ಅದು ಬಾಗಿಲು ತೆರೆಯುತ್ತದೆ. ಮಿದುಳಿಗೆ ಹೋಗುವ ಸುದ್ದಿ ಮಾತ್ರ ಅದೇ. 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೌಟಿಯನ್ ಬೇರೆ ಬೇರೆಯಾಗಿ ಕೆಲಸ ಮಾಡುತ್ತ, ಮೆಂಥಾಲ್ ಬಳಸಿಯೇ ಇದನ್ನು ಪತ್ತೆ ಮಾಡಿದರು. ಉಷ್ಣತೆ ಮತ್ತು ಸ್ಪರ್ಶವನ್ನು ದೇಹ ಗುರುತಿಸುವ ಬಗೆಯನ್ನು ತೋರಿಸಿಕೊಟ್ಟದ್ದಕ್ಕೆ ಇಬ್ಬರಿಗೂ 2021ರ ನೊಬೆಲ್ ಪ್ರಶಸ್ತಿ ಬಂತು.

ಇಲ್ಲೊಂದು ಸೂಕ್ಷ್ಮ ಇದೆ. ಮೆಂಥಾಲ್ ಜಾಸ್ತಿ ಇರುವುದು ಪೆಪ್ಪರ್‌ಮಿಂಟ್‌ನಲ್ಲಿ. ಅಡುಗೆಗೆ ಬಳಸುವ ಪುದೀನಾ ಹೆಚ್ಚಾಗಿ ಸ್ಪಿಯರ್‌ಮಿಂಟ್ ಜಾತಿಯದು. ಅದರಲ್ಲಿ ಮೆಂಥಾಲ್ ಬಹಳ ಕಡಿಮೆ, ಅದರ ಘಮಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ವಸ್ತು. ಈ ಕಾರ್ವೋನ್ ಕಥೆ ನನಗೆ ಬಹಳ ಇಷ್ಟ. ಸಬ್ಬಸಿಗೆ ಬೀಜದಲ್ಲೂ ಇರುವುದು ಕಾರ್ವೋನೇ. ಅವೇ ಪರಮಾಣುಗಳು, ಅದೇ ಜೋಡಣೆ. ಆದರೆ ಎಡಗೈ ಬಲಗೈಗಳ ಹಾಗೆ ಒಂದು ಇನ್ನೊಂದರ ಕನ್ನಡಿ ಬಿಂಬ. ಅಷ್ಟು ವ್ಯತ್ಯಾಸಕ್ಕೇ ನಮ್ಮ ಮೂಗು ಒಂದನ್ನು ಪುದೀನಾ ಅನ್ನುತ್ತದೆ, ಇನ್ನೊಂದನ್ನು ಸಬ್ಬಸಿಗೆ ಅನ್ನುತ್ತದೆ.

ಪಾನೀಯದ ಮಟ್ಟಿಗೆ ಇದರ ಅರ್ಥ ಇಷ್ಟು: ಮೆತ್ತನೆಯ, ಸಿಹಿಯೆನಿಸುವ ಘಮ ಬೇಕಿದ್ದರೆ ಸ್ಪಿಯರ್‌ಮಿಂಟ್ ಬಳಸಿ. ಪೆಪ್ಪರ್‌ಮಿಂಟ್ ಹಾಕಿದರೆ ಎಲೆ ಕಡಿಮೆ ಇರಲಿ. ಇಲ್ಲದಿದ್ದರೆ ಟೂತ್‌ಪೇಸ್ಟ್ ನೆನಪಾಗುತ್ತದೆ.

## ಒಂದೊಂದು ಸೊಪ್ಪಿಗೂ ಒಂದೊಂದು ದಾರಿ

ಎಲ್ಲ ಸೊಪ್ಪನ್ನೂ ಒಂದೇ ರೀತಿ ನಡೆಸಿಕೊಳ್ಳಲು ಆಗುವುದಿಲ್ಲ. ಎಣ್ಣೆ ಎಲ್ಲಿದೆ, ಎಲೆ ಎಷ್ಟು ಗಟ್ಟಿ ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ.

ಪುದೀನಾಗೆ ಎರಡೇ ದಾರಿ: ತಟ್ಟುವುದು, ಇಲ್ಲವೇ ಮೆಲ್ಲಗೆ ಒತ್ತುವುದು. ಒತ್ತಲು ಬಳಸುವ ಸಣ್ಣ ಒನಕೆಯಂಥ ಕಟ್ಟಿಗೆಯ ಕೋಲಿಗೆ ಮಡ್ಲರ್ ಅನ್ನುತ್ತಾರೆ. ಅದಿಲ್ಲದಿದ್ದರೆ ಲಟ್ಟಣಿಗೆಯ ತುದಿಯೂ ಆಗುತ್ತದೆ. ಎಲೆಯ ಮೇಲೆ ಇಟ್ಟು ನಾಲ್ಕೈದು ಸಲ ಒತ್ತಿ, ಸ್ವಲ್ಪ ತಿರುಗಿಸಿ. ನಿಲ್ಲಿಸಿ. ಎಲೆ ಇನ್ನೂ ಎಲೆಯ ಆಕಾರದಲ್ಲೇ ಇರಬೇಕು. ಕ್ಯೂಬಾದ ಮೊಹಿಟೊ, ಅಮೆರಿಕದ ಮಿಂಟ್ ಜೂಲೆಪ್ ಎರಡೂ ಪುದೀನಾ ಪಾನೀಯಗಳೇ. ಮೊದಲನೆಯದರಲ್ಲಿ ಬಿಳಿ ರಮ್, ನಿಂಬೆ, ಸಕ್ಕರೆ, ಸೋಡಾ. ಎರಡನೆಯದರಲ್ಲಿ ಬರ್ಬನ್ ವಿಸ್ಕಿ, ಸಕ್ಕರೆ, ಪುಡಿ ಐಸ್. ಎರಡರಲ್ಲೂ ಪುದೀನಾವನ್ನು ಹಗುರ ಕೈಯಿಂದಲೇ ನಡೆಸಿಕೊಳ್ಳಬೇಕು.

ಬೇಸಿಲ್ ವಿಷಯದಲ್ಲಿ ಈ ನಿಯಮಕ್ಕೆ ಒಂದು ವಿನಾಯಿತಿ ಇದೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿಯೇ. ಜರ್ಮನಿಯ ಹ್ಯಾಂಬರ್ಗ್‌ನ ಬಾರ್‌ಟೆಂಡರ್ ಯೋರ್ಗ್ ಮೇಯರ್ 2008ರಲ್ಲಿ ಜಿನ್ ಬೇಸಿಲ್ ಸ್ಮ್ಯಾಶ್ ಎಂಬ ಪಾನೀಯ ಮಾಡಿದರು. ಅದರಲ್ಲಿ ಒಂದು ಹಿಡಿ ಬೇಸಿಲ್ ಅನ್ನು ನಿಂಬೆಯ ಜೊತೆ ಜೋರಾಗಿಯೇ ಜಜ್ಜುತ್ತಾರೆ. ಆಮೇಲೆ ಐಸ್ ಹಾಕಿ ಬಲವಾಗಿ ಕುಲುಕಿ, ಸಣ್ಣ ಜರಡಿಯಲ್ಲಿ ಸೋಸಿ, ತಕ್ಷಣ ಕುಡಿಯುತ್ತಾರೆ. ಅಲ್ಲಿ ಹಚ್ಚ ಹಸಿರು ಬಣ್ಣ ಮತ್ತು ಹಸಿ ರುಚಿಯೇ ಗುರಿ. ಕಹಿ ಬಲಿಯುವಷ್ಟು, ಬಣ್ಣ ಕೆಡುವಷ್ಟು ಸಮಯವನ್ನು ಅದಕ್ಕೆ ಕೊಡುವುದಿಲ್ಲ. ಅರ್ಧ ಗಂಟೆ ಇಟ್ಟರೆ ಅದೇ ಗ್ಲಾಸ್ ಮಂಕಾಗುತ್ತದೆ. ಎಲೆಯ ಹಸಿರು ವಸ್ತು ಹುಳಿಯಲ್ಲಿ ತನ್ನ ಮೆಗ್ನೀಷಿಯಂ ಕಳೆದುಕೊಂಡು ಕಂದು ಮಿಶ್ರಿತ ಹಸಿರಾಗುವುದು ಇದಕ್ಕೆ ಕಾರಣ.

ರೋಸ್ಮರಿ ಮತ್ತು ಥೈಮ್ ಗಟ್ಟಿ ಕಡ್ಡಿಯ ಗಿಡಗಳು. ಎಣ್ಣೆ ಖಾರ, ಕರ್ಪೂರದಂಥ ಘಾಟು. ಇವನ್ನು ಜಜ್ಜಿದರೆ ಪಾನೀಯ ಔಷಧಿಯಂತಾಗುತ್ತದೆ. ಸಕ್ಕರೆ ಪಾಕದಲ್ಲಿ ನೆನೆಸುವುದೇ ಸರಿ. 200 ಗ್ರಾಂ ಸಕ್ಕರೆ, 200 ಮಿ.ಲೀ. ನೀರು ಬಿಸಿಮಾಡಿ. ಸಕ್ಕರೆ ಕರಗಿದ ಮೇಲೆ ಒಲೆ ಆರಿಸಿ, ಎರಡು ಕಡ್ಡಿ ರೋಸ್ಮರಿ ಹಾಕಿ ಮುಚ್ಚಿಡಿ. ಇಪ್ಪತ್ತು ನಿಮಿಷದಲ್ಲಿ ಸೋಸಿ. ಮುಚ್ಚಳ ಮರೆಯಬೇಡಿ. ಅಡುಗೆಮನೆ ಘಮಘಮಿಸಿತು ಅಂದರೆ ಅಷ್ಟು ಪರಿಮಳ ಪಾಕದಿಂದ ಹೊರಟುಹೋಯಿತು ಅಂತಲೇ ಅರ್ಥ.

ಮಜ್ಜಿಗೆ ಹುಲ್ಲು ಅಥವಾ ನಿಂಬೆ ಹುಲ್ಲು ಬೇರೆಯೇ ಕುಟುಂಬ. ಅದರ ಎಣ್ಣೆ ಮೇಲ್ಮೈಯಲ್ಲಿಲ್ಲ, ಒಳಗಿನ ಕೋಶಗಳಲ್ಲಿದೆ. ತಟ್ಟಿದರೆ ಏನೂ ಆಗದು. ಬುಡದ ಬಿಳಿ ಭಾಗವನ್ನು ಚೆನ್ನಾಗಿ ಜಜ್ಜಿ ಬಿಸಿ ಪಾಕಕ್ಕೆ ಹಾಕಬೇಕು. ಕೊತ್ತಂಬರಿ ಸೊಪ್ಪಿನ ಪರಿಮಳವೂ ಒಳಗಿನ ನಾಳಗಳಲ್ಲಿರುತ್ತದೆ. ಎಲೆಯ ಜೊತೆ ಎಳೆಯ ದಂಟನ್ನೂ ಸೇರಿಸಿ ಒತ್ತಿದರೆ ಘಮ ಚೆನ್ನಾಗಿ ಬಿಡುತ್ತದೆ.

## ಕೊಯ್ಯುವ ಹೊತ್ತು

ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ಆಗ ಎಲೆ ನೀರು ತುಂಬಿಕೊಂಡು ಗರಿಗರಿಯಾಗಿರುತ್ತದೆ, ಎಣ್ಣೆ ಬಿಸಿಲಿಗೆ ಹಾರಿಹೋಗಿರುವುದಿಲ್ಲ. ಮೊಗ್ಗು ಕಾಣಿಸಿಕೊಳ್ಳುವ ಮುಂಚಿನ ಎಲೆಯೇ ರುಚಿ. ಹೂ ಬಿಟ್ಟ ಬೇಸಿಲ್ ಎಲೆ ಒರಟಾಗುತ್ತದೆ, ಕಹಿಯ ಕಡೆ ವಾಲುತ್ತದೆ. ಆದ್ದರಿಂದ ಮೊಗ್ಗನ್ನು ಕಂಡ ಕೂಡಲೇ ಚಿವುಟಿ. ಎರಡು ಎಲೆ ಜೋಡಿಯಾಗಿ ಹೊರಡುವ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ, ಅಲ್ಲಿಂದ ಎರಡು ಹೊಸ ಕುಡಿ ಬರುತ್ತವೆ.

ಕೊಯ್ದ ಪುದೀನಾ ಕಡ್ಡಿಗಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿ ಫ್ರಿಜ್‌ನಲ್ಲಿಡಬಹುದು. ಬೇಸಿಲ್ ಅನ್ನು ಮಾತ್ರ ಫ್ರಿಜ್‌ಗೆ ಹಾಕಬೇಡಿ. ಅದು ಬೆಚ್ಚನೆಯ ಹವೆಯ ಗಿಡ, ಸುಮಾರು 12 ಡಿಗ್ರಿಗಿಂತ ಕೆಳಗೆ ಎಲೆಗೆ ಚಳಿಯ ಪೆಟ್ಟು ಬಿದ್ದು ಕಪ್ಪಾಗುತ್ತದೆ. ನೀರಿನ ಲೋಟದಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೇ ಇರಲಿ.

## ಐಸ್: ಕಡಿಮೆ ಹಾಕಿದರೆ ಜಾಸ್ತಿ ನೀರಾಗುತ್ತದೆ

ಇದು ಕೇಳಲು ವಿಚಿತ್ರ, ಆದರೆ ನಿಜ. ಪಾನೀಯ ನೀರಾಗಬಾರದು ಅಂತ ಎರಡೇ ತುಂಡು ಐಸ್ ಹಾಕುವವರು ಬಹಳ ಮಂದಿ. ಆಗುವುದು ಉಲ್ಟಾ.

ಐಸ್ ತಂಪು ಕೊಡುವುದು ಮುಖ್ಯವಾಗಿ ಕರಗುವ ಮೂಲಕ. ಒಂದು ಗ್ರಾಂ ಐಸ್ ಕರಗಲು 334 ಜೂಲ್ ಶಾಖ ಬೇಕು. ಅಷ್ಟು ಶಾಖವನ್ನು ಅದು ಸುತ್ತಲಿನ ಪಾನೀಯದಿಂದ ಹೀರಿಕೊಳ್ಳುತ್ತದೆ. ಇದು ಎಷ್ಟು ದೊಡ್ಡ ಮೊತ್ತ ಅಂದರೆ, 80 ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗೆ ಮಾಡಲು ಒಂದು ಗ್ರಾಂ ಐಸ್ ಕರಗಿದರೆ ಸಾಕು. ಹಾಗಾಗಿ ಕರಗದೆ ತಂಪಿಲ್ಲ, ನೀರು ಸೇರದೆ ಕಾಕ್‌ಟೇಲ್ ಇಲ್ಲ. 1806ರ ಪಟ್ಟಿಯಲ್ಲಿದ್ದ ನೀರು ಇಂದು ಬಹುಪಾಲು ಈ ದಾರಿಯಲ್ಲೇ ಗ್ಲಾಸಿಗೆ ಬರುತ್ತದೆ.

ಪ್ರಶ್ನೆ ಇರುವುದು ಎಷ್ಟು ಕರಗಬೇಕು ಅನ್ನುವುದರಲ್ಲಿ. ಒಂದು ಲೆಕ್ಕ ನೋಡಿ. 90 ಮಿ.ಲೀ. ಸೋಡಾ 25 ಡಿಗ್ರಿಯಲ್ಲಿದ್ದರೆ, ಅದನ್ನು ಸೊನ್ನೆ ಡಿಗ್ರಿಗೆ ತರಲು ಸುಮಾರು 28 ಗ್ರಾಂ ಐಸ್ ಕರಗಬೇಕು. ಅದೇ ಸೋಡಾ ಫ್ರಿಜ್‌ನಲ್ಲಿ 5 ಡಿಗ್ರಿಗೆ ತಣಿದಿದ್ದರೆ 6 ಗ್ರಾಂ ಸಾಕು. ವ್ಯತ್ಯಾಸ 22 ಗ್ರಾಂ. ಅಂದರೆ ಒಂದೂವರೆ ದೊಡ್ಡ ಚಮಚದಷ್ಟು ಬೇಡದ ನೀರು. ಸೋಡಾ, ಗ್ಲಾಸ್, ಸಾಧ್ಯವಾದರೆ ಮದ್ಯವನ್ನೂ ಮೊದಲೇ ತಣ್ಣಗೆ ಮಾಡಿಡಿ. ಇಡೀ ಲೇಖನದಲ್ಲಿ ಒಂದೇ ಸಲಹೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ ಅನ್ನುವಷ್ಟು ಇದು ಕೆಲಸ ಮಾಡುತ್ತದೆ.

ಗ್ಲಾಸ್ ತುಂಬ ಐಸ್ ಇದ್ದಾಗ ಪಾನೀಯ ಬೇಗ ಸೊನ್ನೆಯ ಹತ್ತಿರಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಬರುವ ಶಾಖಕ್ಕಷ್ಟೇ ಐಸ್ ಆಮೇಲೆ ಕರಗುತ್ತದೆ. ಎರಡೇ ತುಂಡು ಹಾಕಿದರೆ ಅವು ಪೂರ್ತಿ ಕರಗಿ ನೀರಾದರೂ ಪಾನೀಯ ಬೆಚ್ಚಗೇ ಉಳಿಯುತ್ತದೆ. ನೀರೂ ಬಂತು, ತಂಪೂ ಇಲ್ಲ. ಪುಡಿ ಐಸ್ ಬೇಗ ತಂಪು ಮಾಡುತ್ತದೆ, ಆದರೆ ಮೇಲ್ಮೈ ಜಾಸ್ತಿ ಇರುವುದರಿಂದ ಬೇಗ ಕರಗಿ ಹೋಗುತ್ತದೆ. ನಿಧಾನವಾಗಿ ಕುಡಿಯುವವರಿಗೆ ದೊಡ್ಡ ತುಂಡೇ ಒಳ್ಳೆಯದು.

ಶೇಕರ್‌ನಲ್ಲಿ ಐಸ್ ಜೊತೆ ಕುಲುಕಿದ ಮದ್ಯ ಸೊನ್ನೆಗಿಂತಲೂ ಕೆಳಗೆ, ಸುಮಾರು ಮೈನಸ್ 5 ಡಿಗ್ರಿಯವರೆಗೆ ಇಳಿಯುತ್ತದೆ. ಐಸಿಗೆ ಉಪ್ಪು ಬೆರೆಸಿದಾಗ ಆಗುವುದೂ ಇದೇ. ಉಪ್ಪಿನಂತೆ ಆಲ್ಕೋಹಾಲ್ ಕೂಡ ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ಕೆಳಗಿಳಿಸುತ್ತದೆ.

## ಹುಳಿ, ಸಿಹಿ ಮತ್ತು ನಾಲಿಗೆ

ನಿಂಬೆರಸದಲ್ಲಿ ಸುಮಾರು ಶೇ. 6ರಷ್ಟು ಸಿಟ್ರಿಕ್ ಆಮ್ಲ ಇರುತ್ತದೆ. ಹುಳಿ ಬಾಯಲ್ಲಿ ಜೊಲ್ಲು ತರಿಸುತ್ತದೆ. ಒಣಗಿದ ಬಾಯಿಗೆ ಅದೇ ಅರ್ಧ ಆರಾಮ.

ಸಕ್ಕರೆಯನ್ನು ಹಾಗೇ ಸುರಿಯುವುದಕ್ಕಿಂತ ಪಾಕ ಮಾಡಿ ಹಾಕುವುದಕ್ಕೆ ಕಾರಣ ಇದೆ. ತಣ್ಣನೆಯ ದ್ರವದಲ್ಲಿ ಸಕ್ಕರೆ ನಿಧಾನವಾಗಿ ಕರಗುತ್ತದೆ, ಆಲ್ಕೋಹಾಲ್‌ನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಗ್ಲಾಸಿನ ತಳದಲ್ಲಿ ಸಕ್ಕರೆ, ಮೇಲೆ ಹುಳಿ ಅನ್ನುವ ಸ್ಥಿತಿ ಆಗುತ್ತದೆ.

ಇನ್ನೊಂದು ವಿಷಯ. ತಂಪಿನಲ್ಲಿ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಮ್ ನೆಕ್ಕಿದಾಗ ಇಷ್ಟು ಸಿಹಿ ಇತ್ತಾ ಅನ್ನಿಸುತ್ತದಲ್ಲ, ಅದೇ. ಆದ್ದರಿಂದ ಐಸ್ ಹಾಕುವ ಮುಂಚೆ ರುಚಿ ನೋಡುವಾಗ ಸಿಹಿ ಒಂದು ಕೈ ಮುಂದಿದ್ದರೂ ಪರವಾಗಿಲ್ಲ.

## ಈಗ ಒಂದು ಗ್ಲಾಸ್ ಮಾಡೋಣ

ಬೇಕಾದದ್ದು: ಶೇ. 40 ಆಲ್ಕೋಹಾಲ್ ಇರುವ ಬಿಳಿ ರಮ್, ಜಿನ್ ಅಥವಾ ವೋಡ್ಕಾ 45 ಮಿ.ಲೀ. ಆಗ ಹಿಂಡಿದ ನಿಂಬೆರಸ 25 ಮಿ.ಲೀ. ಸಮ ತೂಕದ ಸಕ್ಕರೆ-ನೀರಿನ ಪಾಕ 20 ಮಿ.ಲೀ. ಎಂಟರಿಂದ ಹತ್ತು ಪುದೀನಾ ಎಲೆ, ಅಲಂಕಾರಕ್ಕೆ ಒಂದು ಕುಡಿ. ತಣ್ಣನೆಯ ಸೋಡಾ 90 ಮಿ.ಲೀ. ಗ್ಲಾಸ್ ತುಂಬುವಷ್ಟು ಐಸ್.

ಎತ್ತರದ ಗ್ಲಾಸಿಗೆ ಎಲೆ, ನಿಂಬೆರಸ, ಪಾಕ ಹಾಕಿ. ನಾಲ್ಕೈದು ಸಲ ಮೆಲ್ಲಗೆ ಒತ್ತಿ. ಮದ್ಯ ಸುರಿದು ಅರ್ಧ ನಿಮಿಷ ಬಿಡಿ, ಎಣ್ಣೆ ಮದ್ಯಕ್ಕೆ ಇಳಿಯಲಿ. ಐಸ್ ತುಂಬಿ. ಸೋಡಾವನ್ನು ಕೊನೆಗೆ, ಗ್ಲಾಸಿನ ಅಂಚಿಗೆ ತಾಗಿಸಿ ಸುರಿಯಿರಿ. ಉದ್ದ ಚಮಚವನ್ನು ತಳದವರೆಗೆ ಇಳಿಸಿ ಒಂದೇ ಸಲ ಮೇಲೆತ್ತಿ.

ಸೋಡಾ ಕೊನೆಗೆ ಯಾಕೆ? ಅದರ ಗುಳ್ಳೆ ಅಂದರೆ ನೀರಿನಲ್ಲಿ ಒತ್ತಡದಿಂದ ಕರಗಿಸಿದ ಕಾರ್ಬನ್ ಡೈಆಕ್ಸೈಡ್. ಕಲಕಿದಷ್ಟೂ, ಬೆಚ್ಚಗಾದಷ್ಟೂ ಅದು ಹೊರಟುಹೋಗುತ್ತದೆ. ಸೊನ್ನೆ ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಸುಮಾರು ಎರಡರಷ್ಟು ಅನಿಲ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಿದ ಶೇಕರ್‌ಗೆ ಮಾತ್ರ ಸೋಡಾ ಹಾಕಿ ಕುಲುಕಬೇಡಿ, ಒತ್ತಡಕ್ಕೆ ಮುಚ್ಚಳ ಸಿಡಿಯುತ್ತದೆ.

ಇನ್ನು ಅಲಂಕಾರದ ಕುಡಿ. ಇದು ಬರೀ ಚೆಂದಕ್ಕಲ್ಲ. ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿದು ನೋಡಿ. ಹುಳಿ, ಸಿಹಿ ಗೊತ್ತಾಗುತ್ತದೆ, ಪುದೀನಾ ಮಾಯ. ಮೂಗು ಬಿಟ್ಟ ಕೂಡಲೇ ವಾಪಸ್. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯೇ. ತಣ್ಣನೆಯ ಪಾನೀಯದಿಂದ ಸುಗಂಧ ಮೇಲೇಳುವುದು ಕಡಿಮೆ. ಅದಕ್ಕೇ ಕುಡಿಯನ್ನು ಒಮ್ಮೆ ತಟ್ಟಿ, ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಸಿಕ್ಕಿಸಬೇಕು. ಸ್ಟ್ರಾ ಇದ್ದರೆ ಗಿಡ್ಡಕ್ಕೆ ಕತ್ತರಿಸಿ ಅದರ ಪಕ್ಕದಲ್ಲೇ ಇಡಿ.

## ಈ ಗ್ಲಾಸಿನಲ್ಲಿ ಎಷ್ಟು ಆಲ್ಕೋಹಾಲ್ ಇದೆ?

45 ಮಿ.ಲೀ.ಯ ಶೇ. 40 ಅಂದರೆ 18 ಮಿ.ಲೀ. ಶುದ್ಧ ಆಲ್ಕೋಹಾಲ್. ತೂಕದಲ್ಲಿ ಸುಮಾರು 14 ಗ್ರಾಂ. ಕರಗಿದ ಐಸನ್ನು 20 ಮಿ.ಲೀ. ಅಂತ ಹಿಡಿದರೆ ಪಾನೀಯ ಒಟ್ಟು 200 ಮಿ.ಲೀ., ಸಾಂದ್ರತೆ ಶೇ. 9. ಹುಳಿ-ಸಿಹಿ-ತಂಪು ಮೂರೂ ಸೇರಿ ಮದ್ಯದ ಸುಡುವ ಗುಣವನ್ನು ಮುಚ್ಚುತ್ತವೆ, ಹಾಗಾಗಿ ಬಾಯಿಗೆ ಇದು ಶರಬತ್ತಿನಂತಿರುತ್ತದೆ. ದೇಹಕ್ಕೆ ಲೆಕ್ಕ ಅದೇ 14 ಗ್ರಾಂ. ಅದನ್ನು ಕರಗಿಸಲು ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆ ಬೇಕು. ಮದ್ಯವನ್ನು ಅಳೆಯದೆ ಸುರಿದರೆ ಈ ಲೆಕ್ಕ ತಪ್ಪುತ್ತದೆ. ಅಳತೆ ಕಪ್ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಇನ್ನೊಂದು ಮಾತು ತಿಳಿದಿರಬೇಕು. ಮೂತ್ರದ ಮೂಲಕ ನೀರು ಜಾಸ್ತಿ ಹೋಗದಂತೆ ದೇಹದಲ್ಲಿ ತಡೆಯುವ ಒಂದು ಹಾರ್ಮೋನ್ ಇದೆ. ಆಲ್ಕೋಹಾಲ್ ಅದನ್ನು ಅಡಗಿಸುತ್ತದೆ. ಬೆವರಿನಿಂದ ಆಗಲೇ ನೀರು ಕಳೆದುಕೊಂಡ ದಿನ ಇದು ಮೇಲಿನ ಹೊರೆ. ಹಾಗಾಗಿ ಕಾಕ್‌ಟೇಲ್ ಬಾಯಿಗೆ ತಂಪು, ಬಾಯಾರಿಕೆಗೆ ಮದ್ದಲ್ಲ. ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ ಅಂತ ಹೇಳಿದೆ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ವಾಹನ ಓಡಿಸಬೇಕಾದವರು, ಕಾನೂನಿನ ವಯಸ್ಸು ತುಂಬದವರು ಮದ್ಯವಿಲ್ಲದ ಗ್ಲಾಸನ್ನೇ ಹಿಡಿಯಬೇಕು.

ಆ ಗ್ಲಾಸೂ ಕಳಪೆಯಾಗಬೇಕಿಲ್ಲ. ಮದ್ಯ ತೆಗೆದಾಗ ಎರಡು ಕೊರತೆ ಆಗುತ್ತವೆ: ಪರಿಮಳ ಹಿಡಿಯುವ ದ್ರವ ಹೋಯಿತು, ಗಂಟಲಿನ ಕಾವು ಹೋಯಿತು. ಮೊದಲನೆಯದಕ್ಕೆ ಸೊಪ್ಪನ್ನು ಬಿಸಿ ಪಾಕದಲ್ಲಿ ನೆನೆಸಿ, ಎಲೆ ಎರಡರಷ್ಟು ಹಾಕಿ. ಎರಡನೆಯದಕ್ಕೆ ಹಸಿ ಶುಂಠಿಯ ಎರಡು ಬಿಲ್ಲೆ ಜಜ್ಜಿ ಸೇರಿಸಿ. ಚಿಟಿಕೆ ಉಪ್ಪು ಕೂಡ ಹಾಕಿ, ಉಪ್ಪು ಕಹಿಯನ್ನು ಕುಗ್ಗಿಸುತ್ತದೆ. ಮನೆಗೆ ನಾಲ್ಕು ಜನ ಬಂದಾಗ ನಾನು ಮೊದಲು ಮಾಡುವುದು ಇದನ್ನೇ. ಮದ್ಯ ಬೇಕಾದವರ ಗ್ಲಾಸಿಗೆ ಆಮೇಲೆ ಅಳೆದು ಸೇರಿಸಬಹುದು.

## ತೋಟದಿಂದ ಗ್ಲಾಸಿಗೆ ಬರಬಾರದವು

ತೋಟದಲ್ಲಿ ಬೆಳೆದದ್ದೆಲ್ಲ ತಿನ್ನುವಂಥದ್ದಲ್ಲ. ಕಣಗಿಲೆಯ ಹೂ ನೋಡಲು ಚೆಂದ, ಅದರ ಎಲೆ, ಕಡ್ಡಿ, ಹೂ ಎಲ್ಲವೂ ಹೃದಯದ ಬಡಿತ ಕೆಡಿಸುವ ವಿಷ. ಅದರ ಕಡ್ಡಿಯಿಂದ ಕಲಕುವುದೂ ಅಪಾಯ. ದತ್ತೂರಿಯೂ ಹಾಗೇ. ಪುದೀನಾ ಕುಟುಂಬದಲ್ಲೇ ಪೆನ್ನಿರಾಯಲ್ ಎಂಬ ಗಿಡವಿದೆ, ಅದರ ಎಣ್ಣೆ ಯಕೃತ್ತಿಗೆ ಹಾನಿ ಮಾಡುತ್ತದೆ. ಪರಿಮಳ ಹೀರುವಂತೆಯೇ ಮದ್ಯ ವಿಷವನ್ನೂ ಹೀರಬಲ್ಲದು. ಗುರುತು ಖಚಿತವಿಲ್ಲದ ಎಲೆ ಎಷ್ಟೇ ಘಮ್ಮೆನ್ನಲಿ, ಹಾಕಬೇಡಿ. ಅಂಗಡಿಯ ಹೂಗುಚ್ಛದ ಹೂಗಳೂ ಬೇಡ, ಅವುಗಳಿಗೆ ತಿನ್ನುವ ಬೆಳೆಗೆ ಹೊಡೆಯದ ಔಷಧಿ ಹೊಡೆದಿರಬಹುದು. ಸೀಸೆಯಲ್ಲಿ ಸಿಗುವ ಪುದೀನಾ ಎಣ್ಣೆಯ ಹನಿಗಳು ಎಲೆಗೆ ಬದಲಿಯಲ್ಲ. ಅವು ಎಷ್ಟೋ ಪಟ್ಟು ಗಟ್ಟಿ.

ಕೊನೆಯದಾಗಿ ನಿಂಬೆ. ಅದರ ಸಿಪ್ಪೆ ಮತ್ತು ರಸದಲ್ಲಿ, ಮುಖ್ಯವಾಗಿ ಹಸಿರು ನಿಂಬೆಯಲ್ಲಿ, ಫ್ಯುರಾನೊಕೂಮರಿನ್ ಎಂಬ ವಸ್ತುಗಳಿವೆ. ಚರ್ಮದ ಮೇಲೆ ಬಿದ್ದು ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಸುಟ್ಟ ಗಾಯದಂಥ ಗುಳ್ಳೆ ಏಳುತ್ತದೆ. ಆಗಿಂದಾಗ ಏನೂ ಕಾಣುವುದಿಲ್ಲ. ಒಂದು ದಿನ ಕಳೆದು ಉರಿ ಶುರುವಾಗಿ, ಎರಡು-ಮೂರು ದಿನಕ್ಕೆ ಜೋರಾಗುತ್ತದೆ. ಹಾಗಾಗಿ ನಿಂಬೆಗೂ ಗಾಯಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಕಪ್ಪು ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಗಳದಲ್ಲಿ ಕೂತು ನಿಂಬೆ ಹಿಂಡುವ ಬದಲು ಒಳಗೇ ಹಿಂಡಿ ತನ್ನಿ. ಗ್ಲಾಸ್ ಹಿಡಿದು ಬಿಸಿಲಿಗೆ ಹೋಗುವ ಮುಂಚೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ.